ಕಿಂಡಿಯಪ್ಪನ ಬಲಗೈ

ಆ ಊರಿನಲ್ಲಿ ಕಿಂಡಿಯಪ್ಪನನ್ನು ಅರಿಯದವರು ಯಾರೂ ಇರಲಿಲ್ಲ. ಅವನ ಮುಖ ನೋಡಿದವರು ಮಾತ್ರ ಬೆರಳೆಣಿಕೆಯಷ್ಟು. ಇದರಲ್ಲಿ ಒಗಟೇನೂ ಇಲ್ಲ. ನದಿ ದಾಟಿಸುವ ದೋಣಿಕಟ್ಟೆಯ ಟಿಕೆಟ್ ಕಿಂಡಿಯ ಹಿಂದೆ ಅವನು ಕೂತು ಬಹಳ ಕಾಲವಾಗಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಪರದೆ ಕೊಡಿಸಿ ಎಂದು ಹಿಂದೆ ಯಾರೋ ಅರ್ಜಿ ಹಾಕಿದ್ದಾಗ, ಆಗಿನ ಸಾಹೇಬರು ಪರದೆಯ ಖರ್ಚು ಉಳಿಸಿ ಕಿಟಕಿಯ ಗಾಜಿಗೆ ಪೂರ್ತಿ ಹಸಿರು ಬಣ್ಣ ಬಳಿಸಿಬಿಟ್ಟಿದ್ದರು. ಉಳಿದದ್ದು ಕೆಳಗಡೆ ಅರ್ಧಚಂದ್ರದಂಥ ಒಂದು ತೂತು. ಬೆಳಗಿನಿಂದ ಸಂಜೆಯವರೆಗೆ ಆ ತೂತಿನಿಂದ ಒಂದು ಬಲಗೈ ಹೊರಗೆ ಬರುತ್ತಿತ್ತು, ಒಳಗೆ ಹೋಗುತ್ತಿತ್ತು. ಊರಿನ ಪಾಲಿಗೆ ಕಿಂಡಿಯಪ್ಪನೆಂದರೆ ಅಷ್ಟೇ.

ಕೈಯೇನೋ ನೋಡುವಂಥದ್ದೇ. ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಹೋಳಾಗಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿದ್ದು, ಆಮೇಲೆ ಹಾಗೆಯೇ ಬೆಳೆಯುತ್ತ ಬಂದಿತ್ತು. ನಡುಬೆರಳಲ್ಲಿ ದಪ್ಪನೆಯ ತಾಮ್ರದ ಉಂಗುರ. ತೋರುಬೆರಳಿನ ತುದಿಯಲ್ಲಿ ಮೊಹರಿನ ನೇರಳೆ ಶಾಯಿ, ಯಾವ ಸೋಪಿಗೂ ಜಗ್ಗದ್ದು. ಮಕ್ಕಳು ಆ ಕೈಗೆ ಟಾಟಾ ಮಾಡುತ್ತಿದ್ದರು. ದಿನಾ ಬುಟ್ಟಿ ಹೊತ್ತು ಆಚೆ ದಡಕ್ಕೆ ಹೋಗುವ ಮೊಟ್ಟೆ ಅಜ್ಜಿ ಚಿಲ್ಲರೆ ತೆಗೆದುಕೊಂಡು, ಕೈಯನ್ನೊಮ್ಮೆ ತಟ್ಟಿ, "ಬರ್ತೀನಪ್ಪ" ಎಂದು ಹೇಳಿ ಹೋಗುತ್ತಿದ್ದಳು. ಹೇಳುತ್ತಿದ್ದದ್ದು ಕಿಂಡಿಯಪ್ಪನಿಗಲ್ಲ, ಕೈಗೆ. ಒಮ್ಮೆ ಒಂದು ಮದುವೆಮನೆಯಲ್ಲಿ ಯಾರೂ ಮಾತಾಡಿಸದೆ ಮೂಲೆಯಲ್ಲಿ ಕೂತಿದ್ದವನು ನೀರಿನ ಲೋಟಕ್ಕೆ ಕೈ ಚಾಚಿದ್ದೇ ತಡ, ಸುತ್ತಲಿದ್ದವರೆಲ್ಲ ಎದ್ದು ನಿಂತು ಕುಶಲ ವಿಚಾರಿಸಿದ್ದರು. ಕೆಲವರಿಗೆ ಮೀಸೆಯ ಮೇಲೆ ಇರುವ ಅಭಿಮಾನ ಇವನಿಗೆ ಆ ಕೈಯ ಮೇಲಿತ್ತು.

ಈ ಕಿಂಡಿ, ಪಕ್ಕದ ತಿಂಗಳ ಪಾಸಿನ ಕಿಂಡಿ ಬಿಟ್ಟರೆ ಗುಮಾಸ್ತರನ್ನು ಹಾಕಲು ಕಚೇರಿಯಲ್ಲಿ ಇದ್ದದ್ದು ಇನ್ನೊಂದೇ ಜಾಗ, ಕಳೆದ ಸಾಮಾನಿನ ಕೋಣೆ. ಪ್ರಯಾಣಿಕರು ಮರೆತುಹೋದ ಕೊಡೆ, ಒಂಟಿ ಚಪ್ಪಲಿ, ಕನ್ನಡಕಗಳ ನಡುವೆ ಒಂದು ಕುರ್ಚಿ. ಕಿಟಕಿ ಇಲ್ಲ. ಅಲ್ಲಿಗೆ ಹೋದವರು ಯಾರೂ ತಿರುಗಿ ಬಂದದ್ದಿಲ್ಲ. ಅಲ್ಲಿದ್ದ ಹಿಂದಿನ ಗುಮಾಸ್ತ ನಿವೃತ್ತನಾದ ದಿನ ಅವನನ್ನು ಒಳಗೇ ಬಿಟ್ಟು ಜವಾನ ಬೀಗ ಹಾಕಿಕೊಂಡು ಹೋಗಿದ್ದ. ಕಿಂಡಿಯಪ್ಪನಿಗೆ ದೆವ್ವದ ಭಯವಿರಲಿಲ್ಲ, ಆ ಕೋಣೆಯ ಭಯವಿತ್ತು.

ಇರುವುದರಲ್ಲೇ ತೃಪ್ತಿಪಟ್ಟುಕೊಂಡಿದ್ದರೆ ಅವನ ಪಾಡಿಗೆ ಅವನು ಸುಖವಾಗಿರುತ್ತಿದ್ದ, ನಮಗೂ ಹೇಳಲು ಕಥೆ ಇರುತ್ತಿರಲಿಲ್ಲ. ಆದರೆ ದಿನವಿಡೀ ನಾಣ್ಯ ಮುಟ್ಟುವವನಿಗೆ ನಾಣ್ಯದ ಶಾಸ್ತ್ರವೂ ತನಗೆ ಗೊತ್ತೆಂದು ಅನ್ನಿಸಿಬಿಟ್ಟಿತು. ಫೋನಿನಲ್ಲಿ 'ಅಸಲಿ-ನಕಲಿ ಬಳಗ' ಎಂಬ ಗುಂಪಿಗೆ ಸೇರಿಕೊಂಡ. ಹಳೆಯ ನಾಣ್ಯ ಕೂಡಿಡುವ ಹುಚ್ಚಿನವರು ಒಬ್ಬರನ್ನೊಬ್ಬರು ಮೋಸದಿಂದ ಕಾಪಾಡಲು ಕಟ್ಟಿಕೊಂಡ ಗುಂಪು ಅದು. ಅನುಮಾನದ ನಾಣ್ಯ ಕಂಡವರು ಅದರ ಮುಂಭಾಗ, ಹಿಂಭಾಗ, ಅಂಚು, ತೂಕ ಎಲ್ಲವನ್ನೂ ಗುಂಪಿಗೆ ಹಾಕಬೇಕು. ಮೂವರು ಹಿರಿಯರು ನೋಡಿ ತೀರ್ಪು ಕೊಡುತ್ತಾರೆ. ಮೊದಲನೆಯವರು ಮಸೂರದ ಮೇಷ್ಟ್ರು. ಮಸೂರವಿಲ್ಲದೆ ಅವರು ಊಟದ ತಟ್ಟೆಯನ್ನೂ ನೋಡುತ್ತಿರಲಿಲ್ಲ. ಎರಡನೆಯವರು ಹಲ್ಲಿನ ಡಾಕ್ಟರಮ್ಮ. ನಾಣ್ಯದ ಅಂಚಿನ ಗೆರೆಗಳನ್ನು ನೋಡುವುದು ಅವರ ಪಾಲಿನ ಕೆಲಸ. ಮೂರನೆಯವನು ಅಕ್ಕಸಾಲಿ, ತಕ್ಕಡಿ ಬಿಟ್ಟು ಬೇರೇನನ್ನೂ ನಂಬದವನು. ಮೂವರೂ ನಕಲಿ ಎಂದರೆ ಕೆಂಪು ಅಂಚಿನ ಎಚ್ಚರಿಕೆಯ ಚಿತ್ರವೊಂದು ತಯಾರಾಗಿ ಊರಿನವರ ಫೋನುಗಳಿಗೆಲ್ಲ ಹೋಗುತ್ತಿತ್ತು.

ಈ ಬಳಗಕ್ಕೆ ಒಂದು ವಿಚಿತ್ರ ಪದ್ಧತಿಯಿತ್ತು. ಹಿಂದೊಮ್ಮೆ ಮಾರುವವನ ಮುಖದ ಫೋಟೋ ಹಾಕಿದ್ದಕ್ಕೆ ಅವನು ವಕೀಲರಿಂದ ನೋಟಿಸು ಕಳಿಸಿ, ಮೇಷ್ಟ್ರಿಗೆ ರಕ್ತದೊತ್ತಡ ಶುರುವಾಗಿತ್ತು. ಅಂದಿನಿಂದ ಮುಖ ಹಾಕುವಂತಿಲ್ಲ, ಹೆಸರು ಹಾಕುವಂತಿಲ್ಲ. ನಾಣ್ಯವನ್ನು ಮಾರುವವನ ಅಂಗೈಯಲ್ಲೇ ಇರಿಸಿ ಉಪಾಯವಾಗಿ ಫೋಟೋ ತೆಗೆಯಬೇಕು. ಕೈಯಲ್ಲಿ ಗುರುತು ಸಿಗುವಂಥದ್ದೇನಿದ್ದರೂ ಹಿರಿಯರು ಅದಕ್ಕೆ ಕೆಂಪು ಸುತ್ತು ಹಾಕುತ್ತಾರೆ. ಕೈ ಹೋಗಿ ವಕೀಲರನ್ನು ಹಿಡಿಯುವುದಿಲ್ಲ ಎಂಬುದು ಮೇಷ್ಟ್ರ ತರ್ಕ. ಬಳಗದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ನಿಯಮಗಳಲ್ಲಿ ಇದನ್ನು ಕಟ್ಟಕಡೆಗೆ ಬರೆದಿದ್ದರು, ಕಿಂಡಿಯಪ್ಪ ಏನನ್ನೂ ಕೊನೆಯತನಕ ಓದಿದವನಲ್ಲ.

ಬಳಗದಲ್ಲಿ ಅವನ ಸೇವೆ ಇಷ್ಟೇ. ಹಿರಿಯರು ನಕಲಿ ಎಂದರೆ 'ನನಗೂ ಅನುಮಾನವಿತ್ತು' ಎಂದು ಬರೆಯುವನು. ಅಸಲಿ ಎಂದರೆ 'ನೋಡಿದ ತಕ್ಷಣ ಗೊತ್ತಾಯಿತು' ಎನ್ನುವನು. ಆದರೆ ನಕಲಿ ನಾಣ್ಯವನ್ನು ತಾನೇ ಹಿಡಿದುಕೊಟ್ಟವರ ಹೆಸರಿನ ಮುಂದೆ ಒಂದು ನಕ್ಷತ್ರ ಬರುತ್ತಿತ್ತು, ಅಂಥ ನಕ್ಷತ್ರ ಎದುರುಮನೆಯ ಔಷಧಿ ಅಂಗಡಿಯವನಿಗೆ ಆಗಲೇ ಬಂದಿತ್ತು. ಇದು ಕಿಂಡಿಯಪ್ಪನ ಹೊಟ್ಟೆಯಲ್ಲಿ ಉರಿಯುತ್ತಿತ್ತು. ಮಾತ್ರೆಯೂ ಗುಂಡಗೆ, ನಾಣ್ಯವೂ ಗುಂಡಗೆ, ಅದಕ್ಕೇ ಆ ಮನುಷ್ಯನಿಗೆ ಗುರಿ ಸಿಕ್ಕಿತು ಎಂದು ಹೆಂಡತಿಯೆದುರು ಆಡಿಕೊಳ್ಳುತ್ತಿದ್ದ. ಹೆಂಡತಿ ಮನೆಯಲ್ಲೇ ಹೊಲಿಗೆ ಹಾಕುವವಳು. ಮಿಷಿನ್ ತುಳಿಯುತ್ತ ಹೂಂ ಅನ್ನುತ್ತಿದ್ದಳು, ಕೇಳಿಸಿಕೊಳ್ಳುತ್ತಿರಲಿಲ್ಲ.

ಕೊನೆಗೂ ಒಂದು ಭಾನುವಾರ ಅದೃಷ್ಟ ಕಣ್ಣು ತೆರೆಯಿತು. ಹಳೇ ಸಾಮಾನಿನ ಸಂತೆಯಲ್ಲಿ ಚಾಪೆಯ ಮೇಲೆ ನಾಣ್ಯ ಹರಡಿಕೊಂಡು ಒಬ್ಬ ಕೂತಿದ್ದ. ಅದರಲ್ಲಿ ಹಾಯಿಹಡಗಿನ ಚಿತ್ರವಿದ್ದ ಬೆಳ್ಳಿಯ ನಾಣ್ಯಗಳು ಎರಡು. ಕಿಂಡಿಯಪ್ಪ ಒಂದನ್ನು ಎತ್ತಿಕೊಂಡ. ಹಡಗಿನ ಕೆಳಗೆ ಓರೆಯಾಗಿ ಒಂದು ಗೀರು. ಇನ್ನೊಂದನ್ನು ಎತ್ತಿಕೊಂಡ, ಅದೇ ಹಡಗಿನ ಕೆಳಗೆ ಅದೇ ಓರೆಯ ಅದೇ ಗೀರು. ಎರಡು ನಾಣ್ಯ ಬೇರೆ ಬೇರೆ ಕಡೆ ಅಲೆದು ಬಂದು ಒಂದೇ ಜಾಗದಲ್ಲಿ ಒಂದೇ ಗಾಯ ಮಾಡಿಕೊಳ್ಳುವುದುಂಟೇ? ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ನಕಲಿಗಳು. ಇದನ್ನು ಕಿಂಡಿಯಪ್ಪ ತಾನಾಗಿಯೇ ಕಂಡುಹಿಡಿದ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು, ಏಕೆಂದರೆ ಮುಂದೆ ಯಾರೂ ಹೇಳುವುದಿಲ್ಲ. ಎರಡನ್ನೂ ಕೊಂಡು ಎದೆಯುಬ್ಬಿಸಿಕೊಂಡು ಮನೆಗೆ ಬಂದ.

ಮಾರನೆಯ ಬೆಳಗ್ಗೆ ಕಚೇರಿಗೆ ಹೊರಡುವ ಮುಂಚೆ ಫೋಟೋ ತೆಗೆಯಲು ಕೂತ. ಗಾತ್ರ ಗೊತ್ತಾಗಲು ಪಕ್ಕದಲ್ಲಿ ಏನಾದರೂ ಇಡಬೇಕೆಂದು ನಿಯಮದ ಮೊದಲ ಭಾಗದಲ್ಲಿ ಓದಿದ ನೆನಪು. ಅಳತೆಪಟ್ಟಿ ಹೆಂಡತಿಯ ಕೊರಳಲ್ಲಿತ್ತು, ಅವಳು ಯಾವುದೋ ತೋಳಿನ ಅಳತೆಯಲ್ಲಿ ಮುಳುಗಿದ್ದಳು. ಕಿಟಕಿಯಿಂದ ಎಳೆಬಿಸಿಲು ಬೀಳುತ್ತಿತ್ತು, ಆ ಬಿಸಿಲಿನಲ್ಲಿ ತನ್ನ ಬಲಗೈ ಬಹಳ ಲಕ್ಷಣವಾಗಿ ಕಂಡಿತು. ನಾಣ್ಯಗಳನ್ನು ಅಂಗೈಯಲ್ಲಿಟ್ಟು, ಹೆಬ್ಬೆರಳನ್ನು ಮುಂದಕ್ಕೆ ತಂದು, ಉಂಗುರ ಬೆಳಕಿಗೆ ಹೊಳೆಯುವಂತೆ ತಿರುಗಿಸಿ ಫೋಟೋ ತೆಗೆದ. ಸಂತೆ, ಚಾಪೆ, ಗೀರು ಎಲ್ಲವನ್ನೂ ವರ್ಣಿಸಿ ಗುಂಪಿಗೆ ಹಾಕಿದ. ಕೈ ಯಾರದೆಂದು ಮಾತ್ರ ಬರೆಯಲಿಲ್ಲ. ತನ್ನ ಕೈ ಯಾರಿಗೆ ತಾನೇ ಗೊತ್ತಿಲ್ಲ ಎಂಬ ಭಾವ.

ಕಿಂಡಿಯಲ್ಲಿ ಕೂರುವವರು ಫೋನನ್ನು ಸಾಹೇಬರ ಮೇಜಿನ ಖಾನೆಯಲ್ಲಿ ಇಡಬೇಕೆಂಬ ಕಟ್ಟಳೆಯಿತ್ತು. ಇಟ್ಟು ಕೂತ. ಅಷ್ಟರಲ್ಲೇ ಮೂವರು ಹಿರಿಯರೂ ಫೋಟೋ ನೋಡಿ, ಗೀರನ್ನು ಮೆಚ್ಚಿ, ಒಮ್ಮತದಿಂದ ನಕಲಿ ಎಂದು ಸಾರಿ, ಪದ್ಧತಿಯಂತೆ ಸೀಳಿದ ಉಗುರಿಗೆ ಒಂದು, ಉಂಗುರಕ್ಕೆ ಒಂದು, ಶಾಯಿಗೆ ಒಂದು ಕೆಂಪು ಸುತ್ತು ಹಾಕಿ, ಕೆಳಗೆ 'ಈ ಕೈ ಕಂಡಲ್ಲಿ ಎಚ್ಚರಿಕೆ, ಇದರಿಂದ ಏನನ್ನೂ ತೆಗೆದುಕೊಳ್ಳಬೇಡಿ' ಎಂದು ಬರೆದು ಕಳಿಸಿಯಾಗಿತ್ತು. ಬಳಗದಲ್ಲಿ ಇಷ್ಟು ಸ್ಪಷ್ಟವಾದ ಕಳ್ಳನ ಕೈ ಹಿಂದೆಂದೂ ಬಂದಿರಲಿಲ್ಲವೆಂದು ಮೇಷ್ಟ್ರು ಹಿಗ್ಗಿದರಂತೆ.

ಒಳಗೆ ಕೂತವನಿಗೆ ಇದಾವುದೂ ಗೊತ್ತಿಲ್ಲ. ಗಡಿಯಾರ ಕಟ್ಟಿದ ಒಂದು ಕೈ ಚಿಲ್ಲರೆಗೆಂದು ಒಳಬಂದದ್ದು ಅರ್ಧದಲ್ಲಿ ನಿಂತು ಹಿಂದಕ್ಕೆ ಸರಿಯಿತು. ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದಿತು ಹೊರಗಿನ ದನಿ. ಇಷ್ಟು ವರ್ಷಗಳಲ್ಲಿ ಆ ಊರಿನವರು ಯಾರಿಗೂ ಚಿಲ್ಲರೆ ಬಿಟ್ಟುಕೊಟ್ಟದ್ದಿಲ್ಲ. ಓಹೋ, ನಕಲಿ ಹಿಡಿದ ಸುದ್ದಿ ಹಬ್ಬಿದೆ, ಇದು ಅಭಿಮಾನ ಎಂದುಕೊಂಡ ಕಿಂಡಿಯಪ್ಪ. ಇನ್ನೊಬ್ಬ ಹೊರಗಿನಿಂದ ಫೋನು ಹಿಡಿದು ಕೈಯ ಫೋಟೋ ತೆಗೆದ. ಕಿಂಡಿಯಪ್ಪ ಬೆರಳು ಬಿಡಿಸಿ, ಉಂಗುರ ತಿರುಗಿಸಿ, ತೆಗೆಯುವವರೆಗೂ ಕೈ ಅಲ್ಲಾಡಿಸಲಿಲ್ಲ. "ಅಮ್ಮಾ, ಅದೇ ಕೈ" ಎಂದು ಮಗುವೊಂದು ಕೂಗಿತು. ಅದಕ್ಕೆ ಟಾಟಾ ಮಾಡಿದ. ಮಗು ಕಿಟಾರನೆ ಕಿರುಚಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಪಕ್ಕದ ಪಾಸಿನ ಕಿಂಡಿಗೆ ಹೋಗಿ ಸಾಲು ನಿಂತರು, ಇವನ ಮುಂದೆ ನೊಣವೂ ಇರಲಿಲ್ಲ. ದೊಡ್ಡ ಮನುಷ್ಯರ ಹತ್ತಿರ ಜನ ಬರಲು ಅಳುಕುವುದು ಸಹಜವೆಂದು ಅವನು ಸಮಾಧಾನ ಮಾಡಿಕೊಂಡ.

ಸಂಜೆ ಫೋನು ನೋಡುವ ತಾಳ್ಮೆಯೂ ಇಲ್ಲದೆ ನೇರವಾಗಿ ಔಷಧಿ ಅಂಗಡಿಗೆ ಬಂದು, ಮುಂಗಟ್ಟೆಗೆ ಮೊಣಕೈ ಊರಿ ನಿಂತ.

"ನೋಡಿದ್ರಾ?" ಎಂದ.

"ನೋಡ್ದೆ. ಊರೇ ನೋಡ್ತಲ್ಲ."

"ಏನನ್ನಿಸ್ತು?"

"ನಿಮ್ಮ ಧೈರ್ಯಕ್ಕೆ ಮೆಚ್ಚಬೇಕು," ಎಂದ ಔಷಧಿಯವನು. "ಬೇರೆಯವರಾಗಿದ್ರೆ ಇಷ್ಟು ಹೊತ್ತಿಗೆ ಊರು ಬಿಟ್ಟಿರೋರು."

ಹಾಗೆಂದು ತನ್ನ ಫೋನು ತಿರುಗಿಸಿ ತೋರಿಸಿದ. ಕಿಂಡಿಯಪ್ಪ ಮೂರು ಕೆಂಪು ಸುತ್ತುಗಳನ್ನೂ ಕೆಳಗಿನ ಬರಹವನ್ನೂ ಓದಿದ. ಜೀವನದಲ್ಲಿ ಮೊದಲ ಬಾರಿಗೆ ಒಂದನ್ನು ಕೊನೆಯತನಕ ಓದಿದ್ದ. ಅಲ್ಲೇ ಇದ್ದ ತೂಕದ ಯಂತ್ರದ ಮೇಲೆ ಕುಸಿದು ಕೂತ.

ಮನೆಯಲ್ಲಿ ಹೆಂಡತಿ ಮಿಷಿನ್ ನಿಲ್ಲಿಸಿ ಚಿತ್ರವನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಅಲ್ಲಾ ರೀ, ನಿಮಗೆ ಬೇರೆ ಯಾರ ಕೈಯೂ ಸಿಗಲಿಲ್ವಾ? ನಿಮ್ಮಣ್ಣಂದು ಇತ್ತಲ್ಲ."

ಕಿಂಡಿಯಪ್ಪ ಮೇಷ್ಟ್ರಿಗೆ ಫೋನು ಮಾಡಿ, ಅದು ಕಳ್ಳನ ಕೈಯಲ್ಲ, ನನ್ನ ಕೈ ಎಂದು ಗೋಗರೆದ. ಮೇಷ್ಟ್ರು ಸಮಾಧಾನದಿಂದ ಕೇಳಿ, ಸ್ವಂತ ಕೈಯಲ್ಲಿ ಇಟ್ಟು ಫೋಟೋ ತೆಗೆಯುವಷ್ಟು ದಡ್ಡರು ಬಳಗದಲ್ಲಿ ಯಾರೂ ಇಲ್ಲವಲ್ಲ ಎಂದರು. ಒಂದು ವೇಳೆ ಇದ್ದರೂ, ಹೊರಟುಹೋದ ಎಚ್ಚರಿಕೆಯನ್ನು ವಾಪಸು ತೆಗೆಯಬೇಕಾದರೆ ಮೂವರೂ ವಸ್ತುವನ್ನು ಪರೀಕ್ಷಿಸಬೇಕು. ಮೂವರೂ ಕೂಡುವುದು ಭಾನುವಾರ ಸಂಜೆ. ಕೈಯ ತಕರಾರು ತೀರುವವರೆಗೆ ನಕ್ಷತ್ರವೂ ಇಲ್ಲ, ಅಲ್ಲಿಯವರೆಗೆ ಕೈಯನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಹೇಳಿ ಇಟ್ಟುಬಿಟ್ಟರು.

ಮಾರನೆಯ ದಿನ ಇದೇ ಕೈಯನ್ನು ಕಿಂಡಿಯಿಂದ ಹೊರಗೆ ಹಾಕುವುದು ಹೇಗೆ? ಉಪಾಯ ಹೇಳಿದವನು ಔಷಧಿಯವನೇ. ಗುರುತು ಇದ್ದರೆ ತಾನೇ ಗುರುತು ಹಿಡಿಯುವುದು ಎಂದ ಅವನು. ಹೆಂಡತಿ ಕೆಲಸಕ್ಕೆ ಕೂತಳು. ಉಂಗುರವನ್ನು ಎಣ್ಣೆ ಹಚ್ಚಿ ಎಳೆದು ತೆಗೆದಳು. ಉಗುರಿನ ಸೀಳಿಗೆ ಅಂಟು ತುಂಬಿ, ಒಣಗಿದ ಮೇಲೆ ಅರದಿಂದ ಉಜ್ಜಿ ಸಪಾಟು ಮಾಡಿದಳು. ಶಾಯಿಯ ಕಲೆಗೆ ಮೊದಲು ನಿಂಬೆಹಣ್ಣು, ಆಮೇಲೆ ಉಪ್ಪುಕಾಗದ. ಹೊಲಿದ ಬಟ್ಟೆಗೆ ಕೊನೆಯ ಇಸ್ತ್ರಿ ಹಾಕುವಷ್ಟು ಶ್ರದ್ಧೆಯಿಂದ ಮಾಡಿದಳು, ಅದನ್ನು ಒಪ್ಪಿಕೊಳ್ಳಬೇಕು. ಕೆಲಸ ಮುಗಿದಾಗ ಕೈ ಕೆಂಪಗೆ ಊದಿಕೊಂಡು, ಆಗ ತಾನೇ ಹುಟ್ಟಿದಂತೆ ಕಾಣುತ್ತಿತ್ತು.

ಆದರೆ ದೂರು ಆಗಲೇ ಸಾಹೇಬರ ಮೇಜು ಮುಟ್ಟಿತ್ತು. ಈಗಿನ ಸಾಹೇಬರು ಬಹಳ ಎಚ್ಚರಿಕೆಯ ಮನುಷ್ಯ. ಬಾಯಾರಿದರೂ ಲಿಖಿತ ಕೋರಿಕೆಯಿಲ್ಲದೆ ನೀರು ಕುಡಿಯುವವರಲ್ಲ. ನಿಮ್ಮ ಕಿಂಡಿಯಿಂದ ಖೋಟಾ ನಾಣ್ಯ ಹಂಚುತ್ತಿದ್ದಾರೆ ಎಂದು ಪ್ರಯಾಣಿಕರು ಎಚ್ಚರಿಕೆಯ ಚಿತ್ರದ ಸಮೇತ ಬರೆದುಕೊಟ್ಟಿದ್ದರು. ಸಾಹೇಬರು ಕಿಂಡಿಯಪ್ಪನ ಮುಖವನ್ನು ದಿನಾ ನೋಡಿದವರು, ಕೈಯನ್ನು ಯಾವತ್ತೂ ನೋಡಿರಲಿಲ್ಲ. ಬಹಳ ಯೋಚಿಸಿ, ಸಿಬ್ಬಂದಿಯ ಕೈಗಳನ್ನು ಒಂದೊಂದಾಗಿ ಕಿಂಡಿಯಿಂದ ಹೊರಗೆ ಹಾಕಿಸುವುದು, ಹೊರಗೆ ನಿಂತ ಪ್ರಯಾಣಿಕರು ಅಪರಾಧಿಯನ್ನು ಗುರುತಿಸುವುದು ಎಂದು ನಿಶ್ಚಯಿಸಿದರು. ಬೆಳಗಿನ ಮೊದಲ ದೋಣಿಯನ್ನು ಅದಕ್ಕಾಗಿ ತಡೆಹಿಡಿಯಲಾಯಿತು.

ಮೊದಲು ಕಿಂಡಿಯಪ್ಪನ ಕೈ. ಅವನು ಕಣ್ಣು ಮುಚ್ಚಿಕೊಂಡು ಹೊರಗೆ ಹಾಕಿದ. ಹೊರಗೆ ಗುಸುಗುಸು. ಇದು ಯಾರೋ ಹೊಸಬರದು ಎಂದರು ಕೆಲವರು. ಪಾಪ, ಸುಟ್ಟುಕೊಂಡಿರಬೇಕು ಎಂದರು ಇನ್ನು ಕೆಲವರು. ಅಷ್ಟರಲ್ಲಿ ಗೊತ್ತಿದ್ದ ಒಂದು ಒರಟು ಕೈ ಬಂದು ಬೆರಳುಗಳನ್ನು ತಡವಿತು. "ಇದು ನಮ್ಮ ಕೈಯಲ್ಲ ಬಿಡಿ," ಎಂದಳು ಮೊಟ್ಟೆ ಅಜ್ಜಿ. ಉಪಾಯ ಫಲಿಸಿತ್ತು. ಆದರೂ ಕಳ್ಳ ಎಂದಾಗ ಆಗದಿದ್ದ ನೋವು ಕಿಂಡಿಯಪ್ಪನಿಗೆ ಆ ಮಾತಿನಿಂದ ಆಯಿತು. ಕೈಯನ್ನು ಒಳಗೆಳೆದುಕೊಂಡು ಎದೆಗವಚಿಕೊಂಡ.

ಮುಂದಿನ ಸರದಿ ಜವಾನನದು. ಅವನಿಗೆ ಕೈಯನ್ನು ಹೇಗೆ ಹಾಕಬೇಕೆಂದು ತಿಳಿಯದೆ ಎರಡೂ ಕೈ ಹಾಕಿ ಸಿಕ್ಕಿಕೊಂಡ. ಅವನನ್ನು ಬಿಡಿಸಿ, ಹೀಗೆ ಹಾಕಬೇಕು ಎಂದು ತೋರಿಸಲು ಸಾಹೇಬರು ತಮ್ಮ ಬಲಗೈಯನ್ನೇ ಹೊರಗೆ ಚಾಚಿದರು. ಅವರ ನಡುಬೆರಳಲ್ಲೂ ಒಂದು ಉಂಗುರವಿತ್ತು, ಸಹಿ ಮಾಡಿ ಮಾಡಿ ಶಾಯಿಯೂ ಹತ್ತಿತ್ತು. ಹೊರಗಿನಿಂದ ಇಡೀ ಸಾಲು ಒಂದೇ ದನಿಯಲ್ಲಿ ಇದೇ ಇದೇ ಎಂದು ಕೂಗಿತು. ಯಾರೋ ಮುಂಗೈ ಹಿಡಿದುಕೊಂಡರು. ಪೊಲೀಸರನ್ನು ಕರೆಯಿರಿ ಎಂದು ಇನ್ನೊಬ್ಬರು ಓಡಿದರು. ಜವಾನನೂ ಪಾಸಿನ ಕಿಂಡಿಯವಳೂ ಸಾಹೇಬರ ಸೊಂಟ ಹಿಡಿದು ಒಳಗಿನಿಂದ ಎಳೆದು ಬಿಡಿಸಬೇಕಾಯಿತು.

ಈ ಪರೀಕ್ಷೆಯನ್ನು ತಾಂತ್ರಿಕ ಕಾರಣಗಳಿಂದ ರದ್ದುಪಡಿಸಲಾಗಿದೆ ಎಂದು ಸಾಹೇಬರು ಏದುಸಿರು ಬಿಡುತ್ತ ಬರೆಸಿದರು. ಆಮೇಲೆ ಕಿಂಡಿಯಪ್ಪನನ್ನು ಒಳಗೆ ಕರೆದು, ಕೈಯನ್ನು ಜೇಬಿನಿಂದ ತೆಗೆಯದೆಯೇ ಮಾತಾಡಿದರು.

"ನೋಡ್ರೀ, ಫೋಟೋದಲ್ಲಿರೋದು ನಿಮ್ಮ ಕೈ ಅಲ್ಲ ಅಂತ ಆ ಬಳಗದವರಿಂದ ಬರೆಸ್ಕೊಂಡು ಬನ್ನಿ. ಅಲ್ಲೀತನಕ ಕಳೆದ ಸಾಮಾನಿನ ಕೋಣೇಲಿ ಕೂತಿರಿ. ಸೋಮವಾರದೊಳಗೆ ತಂದ್ರೆ ಕಿಂಡಿ ನಿಮ್ದು. ಇಲ್ದಿದ್ರೆ ಅದೇ ಖಾಯಂ."

ಕಿಂಡಿಯಪ್ಪ ವಾರವೆಲ್ಲ ಕೊಡೆಗಳ ನಡುವೆ ಕೂತ. ಜವಾನ ಬೀಗ ಹಾಕುವ ಮುಂಚೆ ಇವನು ಕೆಮ್ಮಬೇಕಾಗುತ್ತಿತ್ತು. ಹಾಗೆ ಕೂತಲ್ಲಿ ಒಂದು ಯೋಜನೆ ಹೊಳೆಯಿತು. ಭಾನುವಾರ ಬೆಳಗ್ಗೆ ಸಂತೆಗೆ ಹೋಗಿ ನಿಜವಾದ ಕಳ್ಳನ ಕೈಯ ಫೋಟೋ ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ. ಕಿಂಡಿಯೂ ಸಿಗುತ್ತದೆ, ನಕ್ಷತ್ರವೂ ಬರುತ್ತದೆ.

ಹೋಗಿ ನೋಡಿದರೆ ಆ ಮನುಷ್ಯ ಅದೇ ಚಾಪೆಯ ಮೇಲೆ ಅದೇ ಹಡಗಿನ ನಾಣ್ಯಗಳನ್ನು ಇಟ್ಟುಕೊಂಡು ಕೂತಿದ್ದ, ಎರಡೂ ಕೈಗೆ ಬಿಳಿಯ ಗವಸು ತೊಟ್ಟು. ಅಸಲಿ ನಾಣ್ಯಕ್ಕೆ ಬೆವರು ತಾಗಬಾರದಲ್ಲ ಸ್ವಾಮಿ ಎಂದು ವಿವರಿಸಿದ. ಹಿಂದಿನ ಕಂಬಕ್ಕೆ ಎಚ್ಚರಿಕೆಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಅಂಟಿಸಿದ್ದ. ಕಾಲ ಕೆಟ್ಟಿದೆ, ಇಂಥ ಕೈಯವರೂ ಇರುತ್ತಾರೆ, ನೀವು ಮಾತ್ರ ಗೊತ್ತಿದ್ದವರ ಹತ್ತಿರವೇ ಕೊಳ್ಳಿ ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದ. ವ್ಯಾಪಾರ ಹಿಂದಿಗಿಂತ ಚೆನ್ನಾಗಿತ್ತು. ಕಿಂಡಿಯಪ್ಪ ಗವಸಿನ ಫೋಟೋ ತೆಗೆದುಕೊಂಡು, ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಇಂಗು ತಿಂದ ಮಂಗನ ಮುಖ ಹೊತ್ತು ಮನೆಗೆ ಬಂದ.

ಸಂಜೆ ಮೂವರು ಹಿರಿಯರು ಫೋನಿನ ಪರದೆಯ ಮೇಲೆ ಕಾಣಿಸಿಕೊಂಡರು. ಹೆಂಡತಿ ಪಕ್ಕದಲ್ಲಿ ದೀಪ ಹಿಡಿದು ನಿಂತಳು. ಫೋಟೋದಲ್ಲಿದ್ದಂತೆ ಕಾಣಲೆಂದು ಕಿಂಡಿಯಪ್ಪ ಉಂಗುರವನ್ನು ಮತ್ತೆ ತೊಡಲು ಹೋಗಿ, ಊದಿದ ನಡುಬೆರಳಿಗೆ ಹೋಗದೆ, ಕಿರುಬೆರಳಿಗೆ ಹಾಕಿಕೊಂಡಿದ್ದ.

ಮುಂಭಾಗ ತೋರಿಸಿ ಎಂದರು ಮೇಷ್ಟ್ರು. ತೋರಿಸಿದ. ಹಿಂಭಾಗ. ತಿರುಗಿಸಿದ. ಅಂಚು. ಕಿಂಡಿಯಪ್ಪ ಕೈಯನ್ನು ಕತ್ತಿಯ ಹಾಗೆ ಹಿಡಿದ. ತೂಕ ಎಷ್ಟು ಎಂದ ಅಕ್ಕಸಾಲಿ. ಹೆಂಡತಿ ಅಡುಗೆಮನೆಯ ತಕ್ಕಡಿ ತಂದಳು. ಕೈ ಇಟ್ಟರೆ, ಒತ್ತಿದಷ್ಟೂ ಏರುತ್ತಿತ್ತು, ಬಿಟ್ಟಷ್ಟೂ ಇಳಿಯುತ್ತಿತ್ತು. ತೂಕ ನಿಲ್ಲದ ವಸ್ತುವನ್ನು ತಾನು ಈ ಜನ್ಮದಲ್ಲಿ ನಂಬುವುದಿಲ್ಲವೆಂದು ಅಕ್ಕಸಾಲಿ ತನ್ನ ಮತ ಹಾಕಿಬಿಟ್ಟ.

ಡಾಕ್ಟರಮ್ಮ ಪರದೆಗೆ ಕಣ್ಣು ತಾಗಿಸಿ ನೋಡಿದರು. ಉಗುರಿನ ಸಂದಿಗೆ ಏನೋ ತುಂಬಿದೆ, ಹುಳುಕು ಹಲ್ಲಿಗೆ ತುಂಬುವ ಹಾಗೆ, ಅದೂ ಹೊಸ ಕೆಲಸ ಎಂದರು. ಮೇಷ್ಟ್ರು ಮಸೂರ ಹಿಡಿದು, ಫೋಟೋದಲ್ಲಿ ಉಂಗುರ ನಡುಬೆರಳಲ್ಲಿದೆ, ಇಲ್ಲಿ ಕಿರುಬೆರಳಲ್ಲಿದೆ, ಫೋಟೋದಲ್ಲಿ ಶಾಯಿಯಿದೆ, ಇಲ್ಲಿ ಉಜ್ಜಿದ ಗುರುತಿದೆ ಎಂದು ಎತ್ತಿ ತೋರಿಸಿದರು. ತಿಕ್ಕಿ ತೊಳೆದದ್ದನ್ನು ಬಳಗ ಎಂದೂ ಅಸಲಿ ಎಂದು ಒಪ್ಪಿದ್ದಿಲ್ಲ.

"ಯಾರೋ ನಮ್ಮ ಫೋಟೋ ನೋಡ್ಕೊಂಡು ಈ ಕೈ ತಯಾರು ಮಾಡಿದ್ದಾರೆ," ಎಂದರು ಮೇಷ್ಟ್ರು. "ಒಳ್ಳೇ ಕೆಲಸವೇ. ಆದ್ರೆ ನಕಲಿ."

"ಮೇಷ್ಟ್ರೇ, ಇದು ನಾನು ಹುಟ್ಟಿದಾಗಿನಿಂದ ನನ್ನ ಹತ್ರಾನೇ ಇರೋ ಕೈ," ಎಂದ ಕಿಂಡಿಯಪ್ಪ.

"ನಕಲಿ ತಂದವರೆಲ್ಲಾ ಹೀಗೇ ಹೇಳ್ತಾರೆ," ಎಂದರು ಡಾಕ್ಟರಮ್ಮ. "ತಾತನ ಕಾಲದಿಂದ ಮನೇಲೇ ಇತ್ತು ಅಂತಾರೆ."

ಕಿಂಡಿಯಪ್ಪನ ಮೈ ಉರಿಯಿತು. ಆ ಎರಡು ನಾಣ್ಯಗಳು ಇನ್ನೂ ಅವನ ಬಳಿಯೇ ಇದ್ದವು. ತೆಗೆದು ತೋರಿಸಿ, ಗೀರು ಕಂಡದ್ದು ನಾನು, ಹಿಡಿದದ್ದು ನಾನು, ಕೈಯೂ ನನ್ನದು ಎಂದು ನಿರೂಪಿಸಿಬಿಡಬೇಕೆಂದು ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಹೆಂಡತಿ ಅವನ ಕಾಲನ್ನು ಬಲವಾಗಿ ತುಳಿದಳು, ಮಿಷಿನ್ ತುಳಿದು ಪಳಗಿದ ಕಾಲು ಅದು. ದೀಪದ ಹಿಂದಿನಿಂದ ಮುಖ ಮುಂದೆ ತಂದು ಹಿರಿಯರನ್ನು ಕೇಳಿದಳು:

"ಹಾಗಾದ್ರೆ ಫೋಟೋದಲ್ಲಿರೋದು ಇವರ ಕೈ ಅಲ್ಲ ಅಂತ ಬರೆದು ಕೊಡ್ತೀರಾ?"

ಸಂತೋಷವಾಗಿ ಕೊಡುತ್ತೇವೆ ಎಂದರು ಮೇಷ್ಟ್ರು.

ಆಗ ಕಿಂಡಿಯಪ್ಪನಿಗೆ ಅರ್ಥವಾಯಿತು. ಬಾಯಿ ಬಿಟ್ಟರೆ ಆ ಫೋಟೋದ ಕೈ ಅವನದಾಗುತ್ತದೆ, ನಕ್ಷತ್ರ ಬಂದರೂ ಬರಬಹುದು. ಆದರೆ ಸಾಹೇಬರಿಗೆ ಬೇಕಾದದ್ದು ಆ ಕೈ ಅವನದಲ್ಲ ಎಂಬ ಒಂದು ಸಾಲು. ಒಂದು ಕಡೆ ನಕ್ಷತ್ರ, ಇನ್ನೊಂದು ಕಡೆ ಕಿಂಡಿ. ಜೇಬಿನಲ್ಲಿದ್ದ ನಾಣ್ಯಗಳನ್ನು ಅಲ್ಲೇ ಬಿಟ್ಟು, ಖಾಲಿ ಕೈಯನ್ನು ಹೊರಗೆ ತೆಗೆದ. ಹಿರಿಯರ ಮಾತು ಮೀರಲಾರೆ, ಇದು ನಕಲಿ ಕೈಯೇ ಎಂದು ಒಪ್ಪಿಕೊಂಡ.

ಸೋಮವಾರ ಸಾಹೇಬರು ಆ ಬರಹವನ್ನು ಮೇಲಿಂದ ಕೆಳಕ್ಕೆ ಓದಿ, ನಿಮ್ಮ ಕೈ ನಕಲಿ ಎಂದು ತಜ್ಞರೇ ಹೇಳಿರುವುದರಿಂದ ನೀವು ಅಸಲಿ ಎಂದು ತೀರ್ಮಾನಿಸಿ ಮೊಹರು ಒತ್ತಿದರು. ಕಿಂಡಿಯಪ್ಪ ಕಿಂಡಿಗೆ ಮರಳಿದ. ಹಸಿರು ಗಾಜು, ಅರ್ಧಚಂದ್ರದ ತೂತು, ಹಳೆಯ ಕುರ್ಚಿ ಎಲ್ಲವೂ ಇದ್ದವು. ಆದರೆ ಹೊರಗಿನವರಿಗೆ ಅವನು ಹೊಸಬ. ಮಕ್ಕಳು ಟಾಟಾ ಮಾಡಲಿಲ್ಲ. ಹಳೆಯ ಕೈಗೆ ಏನಾಯಿತೆಂದು ಸಾಲಿನಲ್ಲಿ ನಿಂತವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಒಳಗೆ ಕೇಳುತ್ತಿತ್ತು. ಸಿಕ್ಕಿಬಿತ್ತಂತೆ ಎಂದ ಒಬ್ಬ. ಒಳಗೆ ಹಾಕಿದ್ದಾರಂತೆ ಎಂದ ಇನ್ನೊಬ್ಬ. ಹಾಗೆ ನೋಡಿದರೆ ಒಳ್ಳೆಯ ಕೈ, ಒಂದು ದಿನವೂ ಚಿಲ್ಲರೆ ತಪ್ಪಿಸಿದ್ದಿಲ್ಲ, ಮಕ್ಕಳನ್ನು ಕಂಡರೆ ಪ್ರೀತಿ, ಹೀಗೆ ಮಾಡುತ್ತೆ ಅಂತ ಯಾರಿಗೆ ಗೊತ್ತಿತ್ತು ಎಂದು ಒಬ್ಬಾಕೆ ಮೂಗು ಸೊರಸೊರ ಎಳೆದುಕೊಂಡಳು. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತುಗಳನ್ನು ಕಿಂಡಿಯಪ್ಪ ಹಿಂದೆಂದೂ ಕೇಳಿರಲಿಲ್ಲ, ಕೇಳಿ ಆಹಾ ಎನ್ನುವ ಹಾಗೂ ಇರಲಿಲ್ಲ.

ಸಂತೆಯ ಮನುಷ್ಯ ಕೊನೆಗೆ ಸಿಕ್ಕಿಬಿದ್ದ. ಹಗಲೆಲ್ಲ ಗವಸು ತೊಟ್ಟು ಕೈಯೆಲ್ಲ ತುರಿಕೆಯಾಗಿ, ಮುಲಾಮು ಕೇಳಲು ಔಷಧಿ ಅಂಗಡಿಗೆ ಬಂದು ಗವಸು ತೆಗೆದ. ಕೊಟ್ಟ ಹಣದಲ್ಲಿ ಅಪ್ಪಿತಪ್ಪಿ ಒಂದು ಹಡಗೂ ಬಂತು. ಔಷಧಿಯವನು ನಾಣ್ಯವನ್ನು ಅದೇ ತುರಿಕೆಯ ಕೈಯಲ್ಲಿಟ್ಟು, ಪದ್ಧತಿಯಂತೆ ಫೋಟೋ ತೆಗೆದ. ಅವನಿಗೆ ಎರಡನೆಯ ನಕ್ಷತ್ರ ಬಂತು. ಈ ಕೈಗೂ ಮೊದಲಿನ ಎಚ್ಚರಿಕೆಯ ಕೈಗೂ ಹೋಲಿಕೆಯಿಲ್ಲದ್ದನ್ನು ಗಮನಿಸಿದ ಹಿರಿಯರು, ಇದೊಂದು ದೊಡ್ಡ ತಂಡವೆಂದೂ ಸೀಳಿದ ಉಗುರಿನವನು ಇನ್ನೂ ತಲೆಮರೆಸಿಕೊಂಡಿದ್ದಾನೆಂದೂ ಸಾರಿದರು. ಕಿಂಡಿಯಪ್ಪ ಅದರ ಕೆಳಗೆ 'ನನಗೂ ಅನುಮಾನವಿತ್ತು' ಎಂದು ಬರೆದ.

ಉಗುರಿಗೆ ಮಾತ್ರ ಈ ತೀರ್ಪುಗಳು ಯಾವುವೂ ಗೊತ್ತಿರಲಿಲ್ಲ. ಅದು ತನ್ನ ಪಾಡಿಗೆ ತಾನು ಹಿಂದಿನ ಹಾಗೆಯೇ ಎರಡು ಹೋಳಾಗಿ ಬೆಳೆಯುತ್ತ ಬಂತು. ಹೆಂಡತಿ ಆಗಾಗ ಅಂಟು ತುಂಬಿ ಅರ ಉಜ್ಜುತ್ತಿದ್ದಳು. ಕೈಯ ಊತ ಇಳಿಯಿತು, ಮೊಹರಿನ ಶಾಯಿ ಮತ್ತೆ ಹತ್ತಿತು. ಒಂದು ಬೆಳಗ್ಗೆ ಅವಳು ಅರ ಹಿಡಿದು ಕರೆದಾಗ ಕಿಂಡಿಯಪ್ಪ, ತಡವಾಯಿತು ಎಂದು ಹೇಳಿ ಹೊರಟುಬಿಟ್ಟ. ದಾರಿಯಲ್ಲಿ ಜೇಬಿನಿಂದ ಉಂಗುರ ತೆಗೆದು ನಡುಬೆರಳಿಗೆ ಹಾಕಿಕೊಂಡ. ಯಾಕೆ ಹಾಗೆ ಮಾಡಿದೆ ಎಂದು ಯಾರಾದರೂ ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಮೊದಲ ದೋಣಿಯ ಹೊತ್ತಿಗೆ ಹಿಂದಿನಂತೆಯೇ ಮೊಟ್ಟೆ ಅಜ್ಜಿಯ ಒರಟು ಕೈ ತೂತಿನೊಳಗೆ ಬಂತು. ಕಿಂಡಿಯಪ್ಪ ಟಿಕೆಟ್ ಕೊಟ್ಟು ಚಿಲ್ಲರೆ ಚಾಚಿದ. ಅಜ್ಜಿಯ ಕೈ ತಟ್ಟನೆ ನಿಂತಿತು. ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ತಡವಿ, ಸೀಳಿನ ಮೇಲೆ ಬೆರಳಾಡಿಸಿತು. ಆಮೇಲೆ ಅಜ್ಜಿ ಬುಟ್ಟಿ ಕೆಳಗಿಟ್ಟು, ಬಗ್ಗಿ, ತೂತಿಗೆ ಬಾಯಿಟ್ಟು ಪಿಸುದನಿಯಲ್ಲಿ ಕೇಳಿದಳು:

"ಯಾವಾಗ ಬಿಟ್ರಪ್ಪ?"

ಕಿಂಡಿಯಪ್ಪನಿಗೆ ಎಲ್ಲವನ್ನೂ ಹೇಳಿಬಿಡಬೇಕೆನ್ನಿಸಿತು. ಎರಡು ನಾಣ್ಯದ ಒಂದೇ ಗೀರು, ಎಳೆಬಿಸಿಲು, ಕೊನೆಯತನಕ ಓದದ ನಿಯಮ, ಅಂಟು, ಅರ. ಆದರೆ ಸಾಲು ಉದ್ದವಿತ್ತು, ದೋಣಿಯ ಗಂಟೆ ಬಾರಿಸಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳು ಕೈಯನ್ನು ಇನ್ನೂ ಹಿಡಿದೇ ಇದ್ದಳು.

"ನಿನ್ನೆ ಅಜ್ಜಿ," ಎಂದ.

"ಊಟ ಗೀಟ ಸರಿಯಾಗಿ ಹಾಕ್ತಿದ್ರಾ?"

"ಹಾಕ್ತಿದ್ರು."

"ಇನ್ಮೇಲೆ ಹಾಗೆಲ್ಲ ಮಾಡ್ಬೇಡ."

"ಇಲ್ಲ ಅಜ್ಜಿ."

ಅಜ್ಜಿ ಆ ಕೈಯನ್ನು ಹಿಂದಿನಂತೆ ಒಮ್ಮೆ ತಟ್ಟಿ, "ಬರ್ತೀನಪ್ಪ" ಎಂದಳು. ಕಿಂಡಿಯಪ್ಪನ ಕಣ್ಣು ತುಂಬಿ ಬಂದು ಮುಂದಿನ ಟಿಕೆಟ್ಟಿನ ಮೇಲೆ ಮೊಹರು ತಲೆಕೆಳಗಾಗಿ ಬಿತ್ತು. ಹೊರಗೆ ಅವಳು ಬುಟ್ಟಿ ಎತ್ತಿಕೊಳ್ಳುವ ಸದ್ದು ಕೇಳಿಸಿತು. ಅದರ ಹಿಂದೆಯೇ, ಸಾಲಿನಲ್ಲಿ ನಿಂತ ಯಾರಿಗೋ ಅವಳು ಚಿಲ್ಲರೆ ಚಾಚುತ್ತ ಹೇಳುವುದೂ ಕೇಳಿಸಿತು:

"ಇದನ್ನ ಸ್ವಲ್ಪ ಕಚ್ಚಿ ನೋಡಪ್ಪ. ನನಗೆ ಹಲ್ಲಿಲ್ಲ."